ಒರೆಗಲ್ಲಲ್ಲ, ಒರೆಗಲ್ಲು

ವರ್ತೂರಿನ ಅಶ್ವತ್ಥಮ್ಮನ ನಾಲಗೆಗೂ ಹಕಾರಕ್ಕೂ ಹುಟ್ಟಿದಾಗಿನಿಂದ ಮಾತುಕತೆ ಇಲ್ಲ. ಹಾಲು ಅವಳ ಬಾಯಲ್ಲಿ ಆಲು, ಹೂವು ಊವು, ಹಸು ಅಸು. ಎಪ್ಪತ್ತೊಂದು ವರ್ಷ ಇದರಿಂದ ಯಾರಿಗೂ ನಷ್ಟವಾಗಿರಲಿಲ್ಲ. ಆಲು ಕೊಡಪ್ಪ ಎಂದರೆ ಅಂಗಡಿಯವನು ಹಾಲನ್ನೇ ಕೊಡುತ್ತಿದ್ದ. ಹೀಗೆ ಸುಮ್ಮನಿದ್ದ ಹಕಾರ ಕಡೆಗೊಂದು ದಿನ ಒಂದೇ ಒಂದು ಮಾತಿನಲ್ಲಿ ಅವಳ ಮೇಲೆ ಸೇಡು ತೀರಿಸಿಕೊಂಡಿತು. ಆ ಮಾತು ಹೊರೆಗಲ್ಲು.

ಕೆರೆಯ ಕಡೆಯಿಂದ ಬರುವ ಕಾಲುದಾರಿ ದೊಡ್ಡ ರಸ್ತೆಗೆ ಸೇರುವ ಜಾಗದಲ್ಲಿ ಆ ಕಲ್ಲು ಇದೆ. ನಿಲ್ಲಿಸಿದ ಎರಡು ಕಲ್ಲು, ಅವುಗಳ ಮೇಲೆ ಅಡ್ಡಲಾಗಿ ಒಂದು ಚಪ್ಪಡಿ, ಅಷ್ಟೇ. ಚಪ್ಪಡಿ ಅಶ್ವತ್ಥಮ್ಮನ ಕಿವಿಯ ಮಟ್ಟಕ್ಕೆ ಬರುತ್ತದೆ. ತಲೆಯ ಮೇಲೆ ಹೊರೆ ಹೊತ್ತು ಬಂದವರು ಒಂಟಿಯಾಗಿದ್ದರೂ ಅದರ ಮೇಲೆ ಹೊರೆ ಜಾರಿಸಿ, ದಣಿವಾರಿಸಿಕೊಂಡು, ಮತ್ತೆ ತಲೆಯೊಡ್ಡಿ ಹೊತ್ತು ಹೋಗಲಿ ಎಂದು ಹಿಂದಿನವರು ನೆಟ್ಟಿದ್ದು. ಈಗ ಅದರ ಬೆನ್ನಿಗೇ ಹದಿನೆಂಟು ಅಂತಸ್ತಿನ ಅಪಾರ್ಟ್‌ಮೆಂಟ್ ಎದ್ದಿದೆ. ಅಲ್ಲಿಯವರ ಹೊರೆಗಳೆಲ್ಲ ಲಿಫ್ಟಿನಲ್ಲಿ ಹತ್ತಿ ಇಳಿಯುವುದರಿಂದ ಆ ಕಲ್ಲು ಯಾಕಿದೆಯೆಂದು ಯಾರೂ ಕೇಳಿರಲಿಲ್ಲ.

ಹೊರೆ ಹೊರುವುದು ಕಷ್ಟ ಎಂದು ಹೊರದವರು ತಿಳಿದಿದ್ದಾರೆ. ಕತ್ತು ನೆಟ್ಟಗಿದ್ದು ನೆತ್ತಿಯ ಮೇಲೆ ಬಟ್ಟೆಯ ಸಿಂಬೆ ಸರಿಯಾಗಿ ಕೂತರೆ ಹೊರೆ ತನ್ನ ಪಾಡಿಗೆ ತಾನು ಬರುತ್ತದೆ. ಕಷ್ಟ ಇರುವುದು ಅದನ್ನು ತಲೆಗೆ ಏರಿಸುವುದರಲ್ಲಿ ಮತ್ತು ತಲೆಯಿಂದ ಇಳಿಸುವುದರಲ್ಲಿ. ಎರಡಕ್ಕೂ ಇನ್ನೊಬ್ಬರ ಕೈ ಬೇಕು. ಅಶ್ವತ್ಥಮ್ಮನ ಗಂಡ ಗೋಪಾಲಪ್ಪ ಇದ್ದಷ್ಟು ಕಾಲ ಆ ಕೈ ಇತ್ತು. ಬೇಗೂರಿನಿಂದ ಸೊಸೆಯಾಗಿ ಬಂದವಳು ಇಪ್ಪತ್ತೊಂಬತ್ತಕ್ಕೇ ಮೂರು ಮಕ್ಕಳ ಜೊತೆ ಒಂಟಿಯಾದಳು. ಕೆರೆಯ ಕೆಳಗಿನ ಅರ್ಧ ಎಕರೆಯಲ್ಲಿ ದಂಟು, ಮೆಂತ್ಯ, ಕೊತ್ತಂಬರಿ ಬೆಳೆದು ರಸ್ತೆಗೆ ಹೊತ್ತು ತಂದು ಮಾರುತ್ತಿದ್ದಳು. ಪಕ್ಕದ ಹೊಲದಲ್ಲಿ ಗಂಡನ ಅಣ್ಣ ಇರುತ್ತಿದ್ದ. ಒಂದು ಬೆಳಗ್ಗೆ, ಭಾವ ಒಂದು ಕೈ ಕೊಡಿ ಅಂದದ್ದಕ್ಕೆ ಅವನು ಕೆಲಸದಾಳುಗಳ ಎದುರಿಗೇ, "ದಿನಾ ನಿನ್ ಒರೆ ಎತ್ತಿಕ್ಕಾಕೆ ನಾನೇನ್ ನಿನ್ ಗಂಡ್ನಾ?" ಎಂದುಬಿಟ್ಟ. ಆಳುಗಳು ನಕ್ಕರು.

ಅಶ್ವತ್ಥಮ್ಮ ಅಳಲಿಲ್ಲ. ಹೊರೆಯನ್ನು ಬದುವಿನ ತನಕ ಎಳೆದುಕೊಂಡು ಹೋದಳು. ಬದುವಿನ ಕೆಳಗಿನ ಕಾಲುವೆಗೆ ಇಳಿದು ನಿಂತರೆ ಬದುವೇ ಅವಳ ತಲೆಯ ಮಟ್ಟಕ್ಕೆ ಬರುತ್ತಿತ್ತು. ತಲೆಯೊಡ್ಡಿ ಹೊರೆ ಎಳೆದುಕೊಂಡಳು. ಅತ್ತ ಕಡೆ ಹೊರೆಗಲ್ಲು ಇದ್ದೇ ಇತ್ತು. ಅವತ್ತಿನಿಂದ ನಲವತ್ತೆರಡು ವರ್ಷ ಯಾರ ಕೈಯನ್ನೂ ಕೇಳಲಿಲ್ಲ. ಇಬ್ಬರು ಹೆಣ್ಣುಮಕ್ಕಳ ಮದುವೆಯಾಯಿತು, ಕಿರಿಯವನು ನಂದೀಶ ಓದಿ ದೊಡ್ಡವನಾದ. ಹೊಲದ ಅರ್ಧ ಭಾಗದಲ್ಲಿ ಬಾಡಿಗೆ ಮನೆಗಳೆದ್ದು ನಂದೀಶನನ್ನು ಜನ ಓನರ್ ಸಾರ್ ಎಂದು ಕರೆಯುವ ಕಾಲವೂ ಬಂತು. ಉಳಿದ ಅರ್ಧದಲ್ಲಿ ಅವ್ವ ಸೊಪ್ಪು ಬೆಳೆಯುವುದನ್ನು ಬಿಡಲಿಲ್ಲ. ಕೆರೆ ನೀರಲ್ಲ, ಬೋರ್‌ವೆಲ್ ನೀರು ಎಂದು ಗಿರಾಕಿಗಳಿಗೆ ದಿನಕ್ಕೆ ಹತ್ತು ಸಲ ಆಣೆ ಇಟ್ಟು ಮಾರುತ್ತಿದ್ದಳು. ಬಾಡಿಗೆಯವರು ಬಾಲ್ಕನಿಯಲ್ಲಿ ನಿಂತು, ಓನರಮ್ಮ ಸೊಪ್ಪಿನ ಹೊರೆ ಹೊತ್ತು ಹೋಗುವುದನ್ನು ನೋಡಿ ಮುಸಿಮುಸಿ ನಕ್ಕರೆ ನಂದೀಶನಿಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು.

ಅಪಾರ್ಟ್‌ಮೆಂಟಿನ ಆರನೇ ಅಂತಸ್ತಿನಲ್ಲಿ ಹೇಮಲತಾ ಇದ್ದಳು. ದಾವಣಗೆರೆಯಲ್ಲಿ ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾಗಿ ಮಗಳ ಮನೆಗೆ ಬಂದವಳು. ಪಾಠ ಕೇಳುವವರಿಲ್ಲದೆ ನಾಲಗೆ ಕಡಿಯುತ್ತಿತ್ತು. ದಿನಾ ಬೆಳಗ್ಗೆ ಸೊಪ್ಪಿನ ನೆಪದಲ್ಲಿ ಕೆಳಗಿಳಿದು ಅಶ್ವತ್ಥಮ್ಮನ ಬಾಯಿಂದ ಹಳೆಯ ಮಾತು ಹೆಕ್ಕುವುದು ಅವಳ ಚಟ. ಅವಳು ಇಳಿದು ಬರುವಷ್ಟರಲ್ಲಿ ಹೊರೆ ಕಲ್ಲಿನಿಂದ ನೆಲಕ್ಕಿಳಿದು ಕಟ್ಟು ಬಿಚ್ಚಿರುತ್ತಿತ್ತು. ಒಂದು ದಿನ ಕಲ್ಲಿನ ಕಡೆ ಕೈ ತೋರಿಸಿ, "ಇದಕ್ಕೇನಂತಾರ್ರೀ ಅಶ್ವತ್ಥಮ್ಮಾ?" ಎಂದು ಕೇಳಿದಳು.

"ಅದಾ? ಒರೆಗಲ್ಲು ಕಣ್ ಮೇಷ್ಟ್ರಮ್ಮ."

ಹೇಮಲತಾಳ ಕಣ್ಣು ಅರಳಿತು. ಒರೆಗಲ್ಲು! ಅಕ್ಕಸಾಲಿಗರು ಚಿನ್ನ ಉಜ್ಜಿ ಬಣ್ಣ ನೋಡುವ ಕಲ್ಲು. "ಹಂಗಾರೆ ಇಲ್ಲಿ ಅಕ್ಕಸಾಲಿಗರು ಇದ್ರೇನ್ರಿ?"

"ಇದ್ರು. ಆ ಬೀದೀಲಿ ಎಲ್ಡು ಮನೆ."

"ಜನ ತಂದು ಇದರ ಮೇಲೇ ಇಡ್ತಿದ್ರಾ?"

"ಮತ್ತೆ? ದೂರದೂರ್ದಿಂದ ತಂದು ಇದ್ರ ಮ್ಯಾಲೇ ಇಕ್ಕೋರು."

ಇನ್ನೇನು ಬೇಕು? ನಿಜವಾದ ಒರೆಗಲ್ಲು ಅಂಗೈಯಲ್ಲಿ ಹಿಡಿಸುತ್ತದೆ, ನಾಲ್ಕು ಜನ ಸೇರಿದರೂ ಅಲ್ಲಾಡದ ಚಪ್ಪಡಿ ಯಾವ ಅಕ್ಕಸಾಲಿಗನಿಗೆ ಬೇಕು ಎಂಬ ಅನುಮಾನ ಯಾರಿಗಾದರೂ ಬರಬೇಕಿತ್ತು. ಹೇಮಲತಾಳಿಗೂ ಬಂತು. ಆದರೆ ಓದಿದವರಿಗೆ ಅನುಮಾನದ ಜೊತೆಗೇ ಉತ್ತರವೂ ಹೊಳೆಯುತ್ತದೆ. ಇದು ಸಂತೆಯಲ್ಲಿ ಎಲ್ಲರಿಗೂ ಕಾಣಲಿ ಎಂದು ಅಕ್ಕಸಾಲಿಗರ ಕೂಟ ನಿಲ್ಲಿಸಿದ ಗುರುತಿನ ಕಲ್ಲು ಎಂದು ತೀರ್ಮಾನಿಸಿ ನಾಲ್ಕು ಪುಟ ಬರೆದಳು. ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ವಿಶ್ವನಾಥನಿಗೆ ಆ ನಾಲ್ಕು ಪುಟ ಸಿಕ್ಕಿದ್ದೇ ತಡ, ರಾಜ್ಯೋತ್ಸವಕ್ಕೆ ಕಾರ್ಯಕ್ರಮವೊಂದು ಸಿಕ್ಕಿತು ಎಂದು ಕುಣಿದಾಡಿಬಿಟ್ಟ. ನವೆಂಬರ್ ಒಂದಕ್ಕೆ ಫಲಕದ ಅನಾವರಣ ಎಂದು ನಿಗದಿಯಾಯಿತು. ಹೇಮಲತಾ ಅಷ್ಟರೊಳಗೆ ಬರುತ್ತೇನೆಂದು ಹೇಳಿ ನೆಂಟರ ಮದುವೆಗೆ ದಾವಣಗೆರೆಗೆ ಹೊರಟುಹೋದಳು.

ಮದುವೆ ಅಲ್ಲಿ, ಗ್ರಹಚಾರ ಇಲ್ಲಿ. ಕಾರ್ಯಕ್ರಮಕ್ಕೆ ಹತ್ತು ದಿನ ಇರುವಾಗ ಅಶ್ವತ್ಥಮ್ಮ ಎಂದಿನಂತೆ ಹೊರೆ ಹೊತ್ತು ಬಂದು ನೋಡುತ್ತಾಳೆ, ಕಲ್ಲಿನ ಸುತ್ತ ಸ್ಟೀಲಿನ ಕಂಬ, ಕಂಬಕ್ಕೆ ಸರಪಳಿ, ಒಳಗೆ ಸಾಲಾಗಿ ಹೂವಿನ ಕುಂಡ. ಸೆಕ್ಯುರಿಟಿಯವನು ಓಡಿಬಂದು ಹಿಂದಿಯಲ್ಲಿ ಏನೇನೋ ಹೇಳಿದ. ಅವನ ಕೈಸನ್ನೆಯಿಂದ, ಮುಟ್ಟಬಾರದು ಎಂಬುದೊಂದು ಅವಳಿಗೆ ಅರ್ಥವಾಯಿತು. ಕತ್ತಿನ ಮೇಲೆ ಎರಡು ದಿನದ ಕೊಯ್ಲು ಕೂತಿದೆ. ಅಣ್ಣಾ ಒಂದು ಕೈ ಕೊಡು ಎಂದಿದ್ದರೆ ಅವನೇ ಕೊಡುತ್ತಿದ್ದನೇನೋ. ಆ ಮಾತು ಅವಳ ಗಂಟಲಲ್ಲಿ ಹುಟ್ಟಲಿಲ್ಲ. ನಿಂತಳು, ನಿಂತಳು, ಕಾಲು ನಡುಗುವ ತನಕ ನಿಂತಳು. ಕಡೆಗೆ ತಲೆ ವಾಲಿಸಿ ಹೊರೆಯನ್ನು ನೆಲಕ್ಕೆ ಕೆಡವಿದಳು. ಕಟ್ಟು ಬಿಚ್ಚಿ ಕೊತ್ತಂಬರಿ ರಸ್ತೆಯ ತುಂಬ ಚೆಲ್ಲಿತು. ಅದರ ಮೇಲೆ ಎರಡು ಕ್ಯಾಬು ಹರಿದುಹೋದವು. ಅದನ್ನು ನಂದೀಶ ಬೈಕಿನ ಮೇಲಿಂದ ನೋಡಿದ.

"ಸಾಕು ನಿಲ್ಸಮ್ಮ ಇನ್ನ," ಅಂದ, ಸೊಪ್ಪು ಆಯುತ್ತ. "ಎಪ್ಪತ್ತು ದಾಟಿದೆ. ಇಳಿಸ್ಕೊಳ್ಳೋಕೂ ಆಗದ ಹೊರೆ ಯಾಕ್ ಹೊರ್ತೀಯ? ಜನ ನನ್ನ ಏನಂತಾರೆ?"

"ಇಳುಸ್ಕೊಳ್ಳಾಕೆ ಆಗದೆ ಅಲ್ಲ ಕಣ್ಲಾ. ಇಳ್ಸೋ ಜಾಗಕ್ಕೆ ಬೇಲಿ ಆಕವ್ರೆ."

"ಎರಡೂ ಒಂದೇ ಅಲ್ವಾ?"

"ಎಲ್ಡೂ ಒಂದಲ್ಲ." ಅಶ್ವತ್ಥಮ್ಮ ಸೆರಗು ಸಿಕ್ಕಿಸಿಕೊಂಡಳು. "ಕೇಳುಸ್ಕೋ. ಆ ಕಲ್ಲ ಬಿಡುಸ್ಕೊಂಡ್ರೆ ನನ್ ಕತ್ತು ಗಟ್ಟಿ ಇರೋಗಂಟ ಒರ್ತೀನಿ, ನೀನು ತುಟಿ ಪಿಟಕ್ ಅನ್ನಂಗಿಲ್ಲ. ಬಿಡುಸ್ಕೊಳ್ಳಾಕೆ ಆಗ್ನಿಲ್ಲ ಅಂದ್ರೆ ನೀನೇಳ್ದಂಗೆ ಮನೇಲಿ ಕೂತ್ಕೋತೀನಿ."

ನಂದೀಶ ಆಗಲಿ ಅಂದ. ಅವ್ವ ಸೋಲುತ್ತಾಳೆ ಎಂಬ ಧೈರ್ಯ ಅವನಿಗಿತ್ತು. ಗೆಲ್ಲುತ್ತೇನೆ ಎಂಬ ಧೈರ್ಯ ಅವ್ವನಿಗಿರಲಿಲ್ಲ. ಮನೆಯಲ್ಲಿ ಕೂರುವುದೆಂದರೆ ಏನೆಂದು ಅವಳಿಗೆ ಗೊತ್ತಿರಲಿಲ್ಲ. ಅವಳು ಒಂದು ದಿನವೂ ಕೂತವಳಲ್ಲ.

ಅವತ್ತು ಮಧ್ಯಾಹ್ನವೇ ವಿಶ್ವನಾಥನನ್ನು ಹುಡುಕಿಕೊಂಡು ಹೋದಳು. ವಿಶ್ವನಾಥ ಕೆಟ್ಟವನಲ್ಲ. ಕುರ್ಚಿ ಎಳೆದು ಕೂರಿಸಿ, ನೀರು ಕೊಟ್ಟು, ಬಹಳ ಮರ್ಯಾದೆಯಿಂದ ಮಾತಾಡಿದ.

"ಅಜ್ಜಿ, ಹೇಮಲತಾ ಮೇಡಂ ಸ್ಟಡಿ ಮಾಡಿ ಬರ್ದಿದಾರೆ. ನೀವೇ ಹೇಳಿದ್ರಂತಲ್ಲ, ಒರೆಗಲ್ಲು ಅಂತ?"

"ಊಂ ಕಣಪ್ಪ. ಒರೆಗಲ್ಲೇ."

"ಮತ್ತೆ ಸರಿಯಾಯ್ತಲ್ಲ!"

"ಎಲ್ಲಿ ಸರಿಯಾಯ್ತು? ಅದು ಒರೆ ಇಕ್ಕಾಕೆ ಇರೋದು. ಒರೆಗಲ್ಲು."

"ಹೌದಜ್ಜಿ, ಒರೆಗೆ ಹಚ್ಚೋಕೆ. ಅದನ್ನೇ ಬೋರ್ಡ್‌ನಲ್ಲಿ ಹಾಕ್ಸಿದೀವಿ. ನಿಮ್ ಹೆಸರೂ ಹಾಕ್ಸಿದೀನಿ ನೋಡಿ."

ಮುಕ್ಕಾಲು ಗಂಟೆ ಇದೇ ನಡೆಯಿತು. ಇಬ್ಬರೂ ಒಂದೇ ಮಾತು ಆಡುತ್ತಿದ್ದರು, ಇಬ್ಬರೂ ಪರಸ್ಪರ ಹೌದು ಹೌದು ಅನ್ನುತ್ತಿದ್ದರು, ಸರಪಳಿ ಮಾತ್ರ ಇದ್ದಲ್ಲೇ ಇತ್ತು. ತನ್ನ ಮಾತಿಗೆ ಇಷ್ಟು ಚೆನ್ನಾಗಿ ಒಪ್ಪುತ್ತಲೇ ತನ್ನನ್ನು ಸೋಲಿಸಿದವರನ್ನು ಅಶ್ವತ್ಥಮ್ಮ ಹಿಂದೆ ಕಂಡಿರಲಿಲ್ಲ. ಸಿಟ್ಟಿನಿಂದ ಎದ್ದು ಬಂದಳು.

ವಿಶ್ವನಾಥ ಕೈಗೆ ಕೊಟ್ಟಿದ್ದ ಫಲಕದ ನಕಲನ್ನು ನಂದೀಶ ಮನೆಯಲ್ಲಿ ಓದಿ ಹೇಳಿದ ಮೇಲೆ ಗುಟ್ಟು ಬಯಲಾಯಿತು. ಇಲ್ಲಿ ಚಿನ್ನ ಉಜ್ಜಿ ಪರೀಕ್ಷಿಸುತ್ತಿದ್ದರು ಎಂಬ ಸಾಲು ಕೇಳಿ ಅಶ್ವತ್ಥಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಚಿನ್ನಾನಾ? ಅದ್ರ ಮ್ಯಾಲೆ ಸಗಣಿ ಕುಕ್ಕೆ ಇಕ್ಕವ್ರೆ ಕಣ್ಲಾ ನಮ್ಮತ್ತೆ!" ನಕ್ಕು ಮುಗಿದ ಮೇಲೆ ಅಳು ಬಂತು. ತಾನೇ ಹೇಳಿದ ಮಾತು ತನ್ನ ಕಲ್ಲನ್ನೇ ಕಿತ್ತುಕೊಂಡಿತಲ್ಲ ಎಂದು.

ಎಷ್ಟಾದರೂ ಮಗ. ತಾನೇ ಹೋಗಿ ಹೇಳುತ್ತೇನೆ ಅಂದದ್ದಕ್ಕೆ ಅವ್ವ, ನನ್ ಪಂತಕ್ಕೆ ನಿನ್ ಬಾಯಿ ಬ್ಯಾಡ ಅಂದಳು. ನಂದೀಶ ಮನಸ್ಸು ತಡೆಯಲಾರದೆ, "ಹೊ ಅನ್ನಮ್ಮ. ಹೊರೆ. ಅಷ್ಟೇ ಹೇಳ್ಬೇಕಾಗಿರೋದು," ಅಂದ. ಅಶ್ವತ್ಥಮ್ಮ ಒ ಅಂದಳು. ಇನ್ನೊಂದು ಸಲ ಒ ಅಂದಳು. ಮೂರು ದಿನ ಸೊಪ್ಪು ಕೊಯ್ಯುತ್ತ, ಕಳೆ ಕೀಳುತ್ತ ಅಭ್ಯಾಸ ಮಾಡಿದಳು. ನಾಲ್ಕನೆಯ ದಿನ ಹಕಾರ ಬಂತು, ಬರಬಾರದ ಕಡೆಯೆಲ್ಲ ಬಂತು. "ಹಕ್ಕಾ, ಹೆಲ್ಡು ಕಟ್ಟು ತಗೋ," ಎಂದು ಹೊಲಕ್ಕೇ ಬಂದಿದ್ದ ಗಿರಾಕಿಯನ್ನು ಕರೆದಳು. ಆಕೆ ಹೆದರಿ ಪಾಲಕ್ ತೆಗೆದುಕೊಳ್ಳದೆಯೇ ಹೋದಳು. ಇನ್ನು ಈ ನಾಲಗೆಯನ್ನು ನೆಚ್ಚಿ ಕೂತರೆ ಆಗದು ಎಂದು ಅಶ್ವತ್ಥಮ್ಮನಿಗೆ ಖಾತ್ರಿಯಾಯಿತು. ಬಾಯಿ ಕೈಕೊಟ್ಟರೇನು, ಕತ್ತು ಇದೆಯಲ್ಲ?

ನವೆಂಬರ್ ಒಂದರ ಬೆಳಗ್ಗೆ ಒಂಬತ್ತಕ್ಕೆ ಗೇಟಿನ ಮುಂದೆ ಶಾಮಿಯಾನ, ಕೆಂಪು ಹಳದಿ ಬಾವುಟ, ಮೈಕು, ಮೈಸೂರು ಪಾಕಿನ ಡಬ್ಬಗಳು. ಮದುವೆ ಮುಗಿಸಿ ರಾತ್ರಿಯ ರೈಲಿನಲ್ಲಿ ಬಂದ ಹೇಮಲತಾ ರೇಷ್ಮೆ ಸೀರೆಯುಟ್ಟು ಮೈಕಿನ ಮುಂದೆ ನಿಂತಿದ್ದಳು. ನಂದೀಶ ಜನರ ಹಿಂದೆ ಬೈಕಿಗೆ ಒರಗಿಕೊಂಡಿದ್ದ. ಹೇಮಲತಾ ಒರೆಗಲ್ಲಿನ ವಿಚಾರ ಅರ್ಧ ಮುಗಿಸಿದ್ದಳು, ಅಷ್ಟರಲ್ಲಿ ಕೆರೆಯ ದಾರಿಯಲ್ಲಿ ಒಂದು ಹಸಿರು ಗುಡ್ಡ ನಡೆದುಬಂತು.

ಅವತ್ತು ಅಶ್ವತ್ಥಮ್ಮ ಹೊಲದಲ್ಲಿ ಏನೂ ಉಳಿಸಿರಲಿಲ್ಲ. ದಂಟು, ಸಬ್ಬಸಿಗೆ, ಮೆಂತ್ಯ, ಪಾಲಕ್ ಎಲ್ಲ ಕೊಯ್ದು ಎರಡಾಳಿನ ಹೊರೆ ಕಟ್ಟಿದ್ದಳು. ಬದುವಿನ ಕೆಳಗೆ ನಿಂತು ಅದನ್ನು ತಲೆಗೆ ಎಳೆದುಕೊಳ್ಳುವಾಗ ಎರಡು ಸಲ ಕುಸಿದಿದ್ದಳು. ಹೊರೆಯ ಕೆಳಗೆ ಅವಳ ಮುಖ ಕಾಣುತ್ತಿರಲಿಲ್ಲ, ಗಲ್ಲವೊಂದು ಕಾಣುತ್ತಿತ್ತು. ಜನ ತಾವಾಗಿಯೇ ದಾರಿ ಬಿಟ್ಟರು.

"ಅಜ್ಜಿ, ಅಜ್ಜಿ, ಒಂದ್ನಿಮಿಷ, ಈ ಕಡೆ ಬನ್ನಿ," ಎಂದು ವಿಶ್ವನಾಥ ಅಡ್ಡ ಬಂದ.

ಹೇಮಲತಾ ಮಾತ್ರ ಸಂತೋಷದಿಂದ ಮೈಕಿನಲ್ಲೇ, "ನೋಡ್ರಿ, ನನಗ ಈ ಮಾತು ಕೊಟ್ಟೋರು ಇವರೇ! ಅಶ್ವತ್ಥಮ್ಮಾ, ನೀವೇ ಎಲ್ಲರಿಗೂ ಹೇಳ್ರಿ, ಏನಿದು?" ಅಂದಳು.

"ಒರೆಗಲ್ಲು," ಅಂದಿತು ಹೊರೆಯ ಕೆಳಗಿನ ದನಿ.

ಜನ ಚಪ್ಪಾಳೆ ತಟ್ಟಿದರು.

"ತಟ್ಬೇಡಿ! ನಾನ್ ಯೋಳಿದ್ದು ಒರೆಗಲ್ಲು ಅಂತ ಕಣ್ ಮೇಷ್ಟ್ರಮ್ಮ, ಒರೆಗಲ್ಲು ಅಂತಲ್ಲ!"

ಶಾಮಿಯಾನಕ್ಕೆ ಶಾಮಿಯಾನವೇ ಗೊಳ್ಳೆಂದಿತು. ಹೇಮಲತಾ ಒಬ್ಬಳು ನಗಲಿಲ್ಲ. ಮೂವತ್ತು ವರ್ಷ ಹುಡುಗರ ಉತ್ತರಪತ್ರಿಕೆಯಲ್ಲಿ ಬಿಟ್ಟುಹೋದ ಅಕ್ಷರ ಹುಡುಕಿದ ಕಣ್ಣು ಅದು. ಅವಳು ಅಶ್ವತ್ಥಮ್ಮನ ತಲೆಯ ಮೇಲಿದ್ದುದನ್ನು ನೋಡಿದಳು. ಚಪ್ಪಡಿಯನ್ನು ನೋಡಿದಳು. ಎರಡರ ಎತ್ತರ ನೋಡಿದಳು. ಮೈಕನ್ನು ವಿಶ್ವನಾಥನ ಕೈಗೆ ತುರುಕಿ, ರೇಷ್ಮೆ ಸೀರೆ ನೆಲ ಗುಡಿಸುತ್ತಿದ್ದರೂ ಲೆಕ್ಕಿಸದೆ ಓಡಿಹೋಗಿ ಸರಪಳಿಯ ಕೊಂಡಿ ತಾನೇ ಕಳಚಿದಳು. ಎರಡು ಹೂವಿನ ಕುಂಡಗಳನ್ನು ಕಾಲಿನಿಂದಲೇ ಪಕ್ಕಕ್ಕೆ ತಳ್ಳಿದಳು.

ಅಶ್ವತ್ಥಮ್ಮ ಕಲ್ಲಿಗೆ ಮುಖ ಮಾಡಿ ನಿಂತಳು. ಮಂಡಿ ಒಂದಿಷ್ಟು ಬಗ್ಗಿಸಿದಳು. ಹೊರೆಯ ಮುಂದಿನ ಅಂಚು ಚಪ್ಪಡಿಗೆ ತಾಗಿತು. ಒಂದು ಸಲ ಉಸಿರು ಬಿಗಿಹಿಡಿದು ಕತ್ತು ಮುಂದಕ್ಕೆ ನೂಕಿದಳು. ಅಷ್ಟು ದೊಡ್ಡ ಹೊರೆ ಸದ್ದಿಲ್ಲದೆ ಜಾರಿ ಕಲ್ಲಿನ ಮೇಲೆ ಕೂತಿತು. ಒಂದು ಎಲೆ ಉದುರಲಿಲ್ಲ. ಬೆವರಿಳಿದ ಮುಖ ಈಗ ಎಲ್ಲರಿಗೂ ಕಾಣಿಸಿತು.

"ಇದು ಇಳ್ಸೋದು," ಅಂದಳು. "ಈಗ ಎತ್ಕೊಳ್ಳೋದ್ ನೋಡಿ."

ಸಿಂಬೆ ಸರಿಮಾಡಿಕೊಂಡು ಹೊರೆಯ ಕೆಳಗೆ ತಲೆಯೊಡ್ಡಿದಳು. ಎಳೆದಳು. ಹೊರೆ ಅರ್ಧ ಬಂದು ವಾಲಿತು. ಜನ ಅಯ್ಯೋ ಅಂದರು. ಹಿಂದಿನಿಂದ ನಂದೀಶ ಜನರನ್ನು ಸೀಳಿಕೊಂಡು ಓಡಿಬಂದು ಎರಡೂ ಕೈ ಚಾಚಿದ.

"ಕೈ ಇಂದಕ್ಕಿಕ್ಕೊ!" ಎಂದು ಅಶ್ವತ್ಥಮ್ಮ ಗದರಿದ್ದಕ್ಕೆ ಮೈಕು ಕೂಡ ಕಿರುಚಿತು. ಅದೇ ಬೀಸಿನಲ್ಲಿ ಬಗ್ಗಿಸಿದ್ದ ಮೊಣಕಾಲು ನೆಟ್ಟಗೆ ಮಾಡಿ ಮೇಲಕ್ಕೆದ್ದಳು. ಹೊರೆ ಸಿಂಬೆಯ ಮೇಲೆ ನೆಟ್ಟಗೆ ಕೂತಿತು. ಅವಳು ಎರಡೂ ಕೈ ಬಿಟ್ಟು ಸೊಂಟದ ಮೇಲಿಟ್ಟುಕೊಂಡು, ಕಲ್ಲಿನ ಸುತ್ತ ಒಂದು ಸುತ್ತು ಬಂದು, ಮತ್ತೆ ಹೊರೆ ಇಳಿಸಿದಳು. ಈ ಸಲ ಬಿದ್ದ ಚಪ್ಪಾಳೆಗೆ ಅವಳು ಬೇಡ ಅನ್ನಲಿಲ್ಲ.

ಹೇಮಲತಾ ಮೈಕನ್ನು ವಾಪಸು ತೆಗೆದುಕೊಂಡಳು. ಅವಳ ಮುಖದಲ್ಲಿ ಕಾಲೇಜಿನ ಕಳೆ ಬಂದಿತ್ತು.

"ತಪ್ಪು ನನ್ನದು," ಅಂದಳು. "ಇದು ಒರೆಗಲ್ಲಲ್ಲ, ಹೊರೆಗಲ್ಲು. ಅಶ್ವತ್ಥಮ್ಮ ಸರಿಯಾಗೇ ಹೇಳಿದ್ರು, ನಾ ಸರಿಯಾಗಿ ಕೇಳಲಿಲ್ಲ. ಈಗ ನಗೋರು ಇನ್ನೊಂದು ಮಾತೂ ಕೇಳ್ರಿ. ಹಳಗನ್ನಡದಾಗ ಈ ಮಾತು ಪೊಱೆ. ಪಕಾರ ಇತ್ತು, ಈಗ ಬರವಣಿಗೆಯಿಂದ ಬಿದ್ದುಹೋದ ಒಂದು ಗಡಸು ರಕಾರ ಇತ್ತು. ಹೊತ್ತು ನಡೀತಾ ನಡೀತಾ ಕನ್ನಡದೋರು ಆ ಪಕಾರದ ಭಾರ ಇಳಿಸಿ ಹಕಾರ ಮಾಡ್ಕೊಂಡ್ರು. ಅಶ್ವತ್ಥಮ್ಮನ ಊರಿನೋರು ಆ ಹಕಾರಾನೂ ಇಳಿಸಿದ್ರು. ಹಾಲು, ಹೂವು ಅನ್ನೋ ನಾವು ಪಾಲು, ಪೂವು ಬಿಟ್ಟು ಬಂದೋರೇ ಅಲ್ಲೇನ್ರಿ? ಇವರು ನಮಗಿಂತ ಒಂದು ಹೆಜ್ಜೆ ಮುಂದಿದಾರೆ, ಅಷ್ಟೇ!"

ಮಾತು ಅಲ್ಲಿಗೆ ನಿಲ್ಲಬಹುದಿತ್ತು. ಪಾಠ ಕೇಳುವವರು ಸಿಕ್ಕಿದ ಮೇಲೆ ಮೇಷ್ಟ್ರಮ್ಮ ಬಿಟ್ಟಾಳೆಯೇ? ಹೊಣೆ ಹೊರುವುದು, ಹರಕೆ ಹೊರುವುದು, ಒಬ್ಬರ ಮೇಲೆ ಅಪವಾದ ಹೊರಿಸುವುದು, ಎಲ್ಲ ಇದೇ ಮಾತಿನ ಬಳಗ ಎಂದು ಬೆರಳು ಮಡಿಸಿ ಎಣಿಸತೊಡಗಿದಳು. ಅಶ್ವತ್ಥಮ್ಮ ಕಲ್ಲಿಗೆ ಒರಗಿಕೊಂಡು ಗಮನವಿಟ್ಟು ಕೇಳಿದಳು. ತಾನು ದಿನಾ ಆಡುವ ಮಾತಿಗೆ ಇಷ್ಟು ನೆಂಟರಿದ್ದಾರೆಂದು ಅವಳಿಗೆ ಗೊತ್ತಿರಲಿಲ್ಲ.

"ಒಂದ್ ಬುಟ್ಬುಟ್ರಿ ಮೇಷ್ಟ್ರಮ್ಮ," ಅಂದಳು. ಪಕ್ಕದಲ್ಲಿ ಪೆಚ್ಚಾಗಿ ನಿಂತಿದ್ದ ನಂದೀಶನ ಕಿವಿ ಹಿಡಿದಳು. "ಇವುನ್ನೂ ಒತ್ತಿದ್ದೆ. ಒಂಬತ್ ತಿಂಗ್ಳು. ಆವಾಗ್ಲೂ ತಲೆ ಮ್ಯಾಲೆ ಸೊಪ್ಪಿತ್ತು. ಮ್ಯಾಲೊಂದು ಒರೆ, ಒಟ್ಟೇಲೊಂದು ಒರೆ. ಮ್ಯಾಲಿಂದು ಈ ಕಲ್ಲಿಗ್ ಇಳುಸ್ತಿದ್ದೆ. ಇವುನ್ನ ಇನ್ನೂ ಇಳ್ಸಿಲ್ಲ ನೋಡಿ!"

ನಂದೀಶ ಕಿವಿ ಬಿಡಿಸಿಕೊಳ್ಳಲಿಲ್ಲ. ಅವನ ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗು ಇತ್ತು. "ಸೋತೆ ಕಣಮ್ಮ. ಇನ್ನು ತುಟಿ ಪಿಟಕ್ ಅನ್ನಲ್ಲ," ಅಂದ. ಬಾಡಿಗೆಯವರಲ್ಲಿ ಇಬ್ಬರು ಅಲ್ಲೇ ಇದ್ದರು. ಅವರ ಕಡೆ ತಿರುಗಿ ಎಲ್ಲರಿಗೂ ಕೇಳುವ ಹಾಗೆ, "ನಮ್ಮಮ್ಮ ಕಣ್ರೀ," ಅಂದ.

ಎರಡಾಳಿನ ಹೊರೆ ಹತ್ತೂವರೆಯೊಳಗೆ ಖಾಲಿಯಾಯಿತು. ಬೆಲೆ ಎಷ್ಟೆಂದು ಯಾರೂ ಚೌಕಾಸಿ ಮಾಡಲಿಲ್ಲ. ಮೈಸೂರು ಪಾಕಿನ ಜೊತೆ ದಂಟಿನ ಸೊಪ್ಪು ಹಿಡಿದು ಹದಿನೆಂಟನೇ ಅಂತಸ್ತಿಗೆ ಹೋದವರೂ ಇದ್ದರು. ವಿಶ್ವನಾಥ ಮುಸುಕು ತೆಗೆಯದೆ ಉಳಿದ ಫಲಕವನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು, "ಅಜ್ಜಿ, ಇದನ್ನ ಹೊಸದಾಗಿ ಬರೆಸ್ಬೇಕು. ಏನಂತ ಹಾಕ್ಸಲಿ, ನೀವೇ ಹೇಳಿ," ಎಂದು ಕೇಳಿದ.

ಅಶ್ವತ್ಥಮ್ಮ ಯೋಚಿಸಲೂ ಇಲ್ಲ. "ನನ್ ಎಸ್ರು ಬ್ಯಾಡ. ಇಲ್ಲಿ ಯಾರ್ ಬೇಕಾದ್ರೂ ಒರೆ ಇಳುಸ್ಬೌದು ಅಂತ ಬರ್ಸಪ್ಪ. ಅಷ್ಟ್ ಸಾಕು. ಆ ಸರಪಣಿ ನಿಮ್ಮನೆ ನಾಯಿಗ್ ಆಗ್ತದೆ, ತಗೊಂಡೋಗು."

ಹಾಗೇ ಬರೆಸಿದರು. ಕನ್ನಡದ ಜೊತೆಗೆ ಹಿಂದಿ, ತಮಿಳು, ತೆಲುಗು, ಇಂಗ್ಲಿಷಿನಲ್ಲೂ ಬರೆಸಿದರು. ಹಕಾರವನ್ನು ಹೇಮಲತಾ ತಾನೇ ನಿಂತು ದಪ್ಪ ಮಾಡಿಸಿದಳು. ಫಲಕ ನೆಟ್ಟ ವಾರಕ್ಕೆ ಅಶ್ವತ್ಥಮ್ಮ ಮೆಂತ್ಯದ ಹೊರೆ ಹೊತ್ತು ಬಂದಾಗ ಕಲ್ಲಿನ ಮೇಲೆ ಜಾಗವಿರಲಿಲ್ಲ. ಕುಡಿಯುವ ನೀರಿನ ಕ್ಯಾನು ಹೊತ್ತು ಹಂಚುವ ಒಬ್ಬ ಗಡ್ಡದವನು ಎರಡು ಕ್ಯಾನು ಇಟ್ಟು ಬೆನ್ನು ನೀವಿಕೊಳ್ಳುತ್ತಿದ್ದ. ಅವನ ಹಿಂದೆ, ಊಟ ತಲುಪಿಸುವ ಹುಡುಗಿಯೊಬ್ಬಳು ಬೆನ್ನಿನ ದೊಡ್ಡ ಚೀಲದ ಪಟ್ಟಿ ಸಡಿಲಿಸುತ್ತ ತನ್ನ ಸರದಿಗೆ ಕಾಯುತ್ತಿದ್ದಳು. ನಲವತ್ತೆರಡು ವರ್ಷದಲ್ಲಿ ಅಶ್ವತ್ಥಮ್ಮ ಆ ಕಲ್ಲಿನ ಮುಂದೆ ಸಾಲಿನಲ್ಲಿ ನಿಂತದ್ದು ಅದೇ ಮೊದಲು. ಕತ್ತು ನೋಯುತ್ತಿತ್ತು, ಹೊಟ್ಟೆ ತುಂಬ ಸಂತೋಷವಾಗಿತ್ತು. ಇಡೀ ರಸ್ತೆಗೆ ಕೇಳುವ ಹಾಗೆ ದನಿಯೆತ್ತಿ, "ಬೇಗ್ ಬೇಗ ತಗೊಳ್ರಪ್ಪಾ, ಇನ್ನೊಬ್ಬುಳವ್ಳೆ ಇಲ್ಲಿ!" ಎಂದು ಕೂಗಿದಳು.